ಸಾಲಿನ ತುದಿಯ ‘ಹೈ’

ಪ್ರೇಕ್ಷಾಳಿಗೆ ಮಾಡಲು ಏನೂ ಇರಲಿಲ್ಲ.

ಮನುವಿಗೆ ಹಗ್ಗದ ಬಾಲ ಇತ್ತು. ಅವನ ರಟ್ಟಿನ ಮೇಲೆ ಹಿಂದಿಯಲ್ಲಿ ‘ಬಂದರ್’, ಅಂದರೆ ಕೋತಿ, ಎಂದು ಬರೆದಿತ್ತು. ಸಂಘಮಿತ್ರಾ ‘ಕೇಲಾ’. ಅವಳ ಕೈಯಲ್ಲಿ ನಿಜವಾದ ಬಾಳೆಹಣ್ಣು. ದೇವರಾಜ್ ‘ಖಾತಾ’. ಅವನು ಬಾಯಿ ಆಡಿಸಿ ತಿಂದ ಹಾಗೆ ನಟಿಸಬೇಕು. ತುದಿಯಲ್ಲಿ ಪ್ರೇಕ್ಷಾ. ಅವಳ ರಟ್ಟಿನಲ್ಲಿ ‘ಹೈ’.

“ನಿಂದೇನೇ ಕೆಲ್ಸ?” ಮನು ಕೇಳಿದ. “ಗೂಟದಂಗೆ ನಿಂತ್ಕಳಾದಾ?”

“ನೀನು ಬಾಲ ನೋಡ್ಕಳಲಾ. ಜಾರ್ತಾ ಐತೆ.”

ಹಾಗಂದರೂ ಅವಳ ಹೊಟ್ಟೆ ಉರಿಯಿತು. ಅಂದು ಶಾಲೆಯ ಅಂಗಳದಲ್ಲಿ ಪೇರೆಂಟ್ಸ್ ಮೀಟಿಂಗ್; ನಾಲ್ವರೂ ಸಾಲಾಗಿ ನಿಂತು ಒಂದೊಂದು ಪದ ಹೇಳಿ ಹಿಂದಿ ವಾಕ್ಯ ಮಾಡಿ ತೋರಿಸಬೇಕಿತ್ತು. ಅಜ್ಜಿ ಕಮಲಾಕ್ಷಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಮನೆಗೆ ಹೋದ ಮೇಲೆ ‘ನೀನೇನ್ ಮಾಡ್ದೆ?’ ಎಂದು ಕೇಳದೆ ಬಿಡುವವರಲ್ಲ.

“ಮಿಸ್, ನಂಗೆ ಬೇರೆ ಪದ ಕೊಡಿ.”

ಆಶಾರಾಣಿ ಮಿಸ್ ಹೊಸಬರು, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. “ಕನ್ನಡದಲ್ಲಿ ‘ಕೋತಿ ಬಾಳೆಹಣ್ಣು ತಿನ್ನುತ್ತೆ’ ಅಂದ್ರೆ ಮುಗೀತು. ಹಿಂದೀಲೂ ಪದಗಳು ಹಿಂಗೇ ಬರ್ತವೆ. ಆದ್ರೆ ‘ಖಾತಾ’ ಅಂತ ಬಿಟ್ರೆ ಮಾತು ಅರ್ಧಕ್ಕೇ ನಿಲ್ಲುತ್ತೆ. ಕೊನೇಲಿ ‘ಹೈ’ ಬರ್ಬೇಕು. ಇವತ್ತೊಂದಿನ ನಿಲ್ಲು, ನಾಳೆ ಬದಲಾಯಿಸ್ತೀನಿ.”

“ಮಿಸ್, ಹಣ್ಣು ಹಿಂಗೆ ಹೊರಗೆ ತೋರಿಸ್ಬಾರ್ದು,” ಸಂಘಮಿತ್ರಾ ಅಂದಳು. ಆ ಊರಿನವರು ಬಾಳೆಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಮನೆಗೆ ತರುತ್ತಾರೆ.

“ಕಾಣದಿದ್ರೆ ಜನಕ್ಕೆ ಹೇಗೆ ಗೊತ್ತಾಗುತ್ತೆ? ಮೇಲೆತ್ತಿ ಹಿಡಿ.”

ಸಂಘಮಿತ್ರಾ ಮೇಲೆತ್ತಿದಳು. ಮನು “ಬಂದರ್” ಎಂದ. ಅವಳು “ಕೇಲಾ” ಅನ್ನುವಷ್ಟರಲ್ಲಿ ಪಕ್ಕದ ಬಸದಿಯ ಗೋಡೆಯಿಂದ ದೊಡ್ಡ ಕೋತಿಯೊಂದು ದೊಪ್ಪನೆ ಹಾರಿ ಹಣ್ಣು ಕಿತ್ತುಕೊಂಡಿತು. ಮೊದಲು ಓಡಿದವನು ಮನು. ಬಾಲ ಅಲ್ಲೇ ಬಿತ್ತು. ಸಂಘಮಿತ್ರಾ, ದೇವರಾಜ್, ಮಿಸ್ ಎಲ್ಲರೂ ಜಗಲಿ ಹತ್ತಿದರು.

ಪ್ರೇಕ್ಷಾ ಓಡಲಿಲ್ಲ. ಹಣ್ಣು ಸಿಕ್ಕಿದ ಮೇಲೆ ಕೋತಿ ಯಾರ ತಂಟೆಗೂ ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಅದು ಅಂಗಳದ ನಡುವೆ ಕೂತು, ಸಿಪ್ಪೆ ಸುಲಿದು, ನಿಧಾನವಾಗಿ ತಿನ್ನತೊಡಗಿತು.

ಕೋತಿ ಇದೆ. ಬಾಳೆಹಣ್ಣು ಇದೆ. ತಿನ್ನುವುದೂ ನಡೆದಿದೆ. ಪ್ರೇಕ್ಷಾ ತನ್ನ ಜಾಗದಲ್ಲೇ ನಿಂತು ರಟ್ಟು ಎತ್ತಿದಳು.

“ಹೈ,” ಎಂದಳು, ಎಲ್ಲರಿಗೂ ಕೇಳುವಂತೆ.

ಮೊದಲು ನಕ್ಕವರು ಅಜ್ಜಿ. “ಎಲ್ಲಾ ಓಡೋದೋ ಕಣ್ರೀ. ನಮ್ ಹುಡ್ಗೀನೇ ಮಾತು ಮುಗ್ಸಿದ್ದು,” ಎಂದು ಪಕ್ಕದವರಿಗೆ ಹೇಳಿದರು. ಆಮೇಲೆ ಇಡೀ ಅಂಗಳ ನಕ್ಕಿತು.

ಮರುದಿನ ಮಿಸ್, “ಪ್ರೇಕ್ಷಾ, ಯಾವ ಪದ ಬೇಕು?” ಎಂದರು.

“ಅವಳ ‘ಹೈ’ ನಂಗೆ ಕೊಡಿ ಮಿಸ್,” ಮನು ಕೈಯೆತ್ತಿದ.

ಪ್ರೇಕ್ಷಾ ರಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡು ಸಾಲಿನ ತುದಿಗೆ ಹೋಗಿ ನಿಂತಳು.

ಹಿಂದಿನ ದಿನ ಕೋತಿ ತಿಂದದ್ದು ಬಾಳೆಹಣ್ಣು ಒಂದು; ಹೋಗುವಾಗ ಒಯ್ದದ್ದು ಹಗ್ಗದ ಬಾಲ ಒಂದು, ದೇವರಾಜನ ಎಡಗಾಲಿನ ಚಪ್ಪಲಿ ಒಂದು.