ಕೆಂಪು ದೀಪ ಹತ್ತಿದ ಹೊತ್ತು

ದೂರು ಹಳೇಬೀಡು ಪೊಲೀಸ್ ಠಾಣೆಯ ಹೊಸ್ತಿಲು ದಾಟಿದ್ದು ಮಂಗಳವಾರ ಸಂಜೆ. ಗುಡಿ ನೋಡಲು ಬಂದವರ ಬಸ್ಸುಗಳು ಬೇಲೂರಿನ ಹಾದಿ ಹಿಡಿದು, ಹಗಲೆಲ್ಲ ಜನ ತುಳಿದ ಪೇಟೆಬೀದಿ ಉಸ್ಸೆಂದು ಕಾಲು ಚಾಚುವ ಹೊತ್ತು. ದೂರು ತಂದವನು ಮಂಜುನಾಥ, ಅರಸೀಕೆರೆ ರಸ್ತೆಯ ತೆಂಗಿನ ತೋಟಗಳಾಚೆ ಸಣ್ಣ ವಿಮಾನಗಳನ್ನು ದುರಸ್ತಿ ಮಾಡುವ ಖಾಸಗಿ ಕೇಂದ್ರದ ಮ್ಯಾನೇಜರು.

ಸಬ್ ಇನ್ಸ್‌ಪೆಕ್ಟರ್ ಯಶೋಧರಾ ದೂರನ್ನು ಓದಿ ಹೆಡ್ ಕಾನ್‌ಸ್ಟೆಬಲ್ ಚನ್ನಬಸವಯ್ಯನವರ ಕೈಗೆ ಕೊಟ್ಟರು. ಆತ ಕನ್ನಡಕ ಏರಿಸಿಕೊಂಡು ಓದಿದರು.

"ಒಂದು ಸ್ಪ್ಯಾನರು ಕಳೆದದ್ದಕ್ಕೆ ಠಾಣೆಗೆ ಬಂದಿದ್ದೀರಾ ಸ್ವಾಮಿ?"

"ಸ್ಪ್ಯಾನರ್ ಅಲ್ಲ ರೀ. ಟಾರ್ಕ್ ರೆಂಚ್."

"ನಮ್ಮ ಬಸ್‌ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯೋನು ವಾರಕ್ಕೆರಡು ಕಳೀತಾನೆ. ಒಂದಿನಾನಾದ್ರೂ ಈ ಕಡೆ ತಲೆ ಹಾಕಿಲ್ಲ."

ಮಂಜುನಾಥ ನಗಲಿಲ್ಲ. ಬೋಲ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿದು, ಸಾಕು ಎಂದು 'ಟಕ್' ಎನ್ನುವ ಉಪಕರಣ ಅದು ಎಂದು ವಿವರಿಸಿದ. ಬೆಲೆಯ ಮಾತಲ್ಲ ಎಂದ. "ಅದು ರೆಕ್ಕೆಯೊಳಗೆ ಉಳಿದುಬಿಟ್ಟಿದ್ದು, ವಿಮಾನ ಮೇಲೆ ಹೋದಾಗ ಉರುಳಿ ತಂತಿಗೆ ಸಿಕ್ಕಿಕೊಂಡರೆ, ಓಡಿಸುವವನು ಎಷ್ಟು ಎಳೆದರೂ ವಿಮಾನ ತಿರುಗುವುದಿಲ್ಲ ಮೇಡಂ. ಅದಕ್ಕೇ ನಮ್ಮಲ್ಲಿ ಒಂದು ಉಪಕರಣ ಕಾಣೆಯಾದರೂ ಕೆಂಪು ದೀಪ ಹತ್ತುತ್ತದೆ. ಹತ್ತಿತು ಅಂದರೆ ಎಲ್ಲರೂ ಇಳಿಯಬೇಕು. ಸಿಗುವವರೆಗೆ ಯಾರೂ ವಿಮಾನ ಹತ್ತುವಂತಿಲ್ಲ. ನಿನ್ನೆಯಿಂದ ರೆಕ್ಕೆ, ಹೊಟ್ಟೆ ಎಲ್ಲ ಬಿಚ್ಚಿ ಹುಡುಕಿದ್ದೇವೆ. ಇಲ್ಲ. ಅಂದಮೇಲೆ ಕದ್ದಿದ್ದಾರೆ."

"ಯಾರ ಮೇಲೆ ಅನುಮಾನ?"

"ಬಿಂದುಶ್ರೀ ಅಂತ ಗೆಂಡೆಹಳ್ಳಿ ಹುಡುಗಿ. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಕೊನೆಗೆ ಅದನ್ನು ಬಳಸಿದವಳು ಅವಳೇ."

ಎಫ್‌ಐಆರ್ ದಾಖಲಾಯಿತು.

ಬುಧವಾರ ಬೆಳಿಗ್ಗೆ ಯಶೋಧರಾ ಕೇಂದ್ರದ ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಹೋದಾಗ ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಒಳಗೆ ಬಿಳಿ ವಿಮಾನವೊಂದು, ಹರಾಜಿಗಿಟ್ಟ ಮನೆಯ ಸಾಮಾನಿನಂತೆ, ತನ್ನ ತಗಡುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ನಿಂತಿತ್ತು. ಪಕ್ಕದಲ್ಲಿ ಉಪಕರಣಗಳ ಕೋಣೆ. ಗೋಡೆಗೆ ದೊಡ್ಡ ಹಲಗೆ. ಪ್ರತಿ ಉಪಕರಣದ ಹಿಂದೆ ಅದರದೇ ಆಕಾರವನ್ನು ಬಣ್ಣದಲ್ಲಿ ಬರೆದಿದ್ದರು. ಉಪಕರಣ ಒಯ್ಯುವವರು ತಮ್ಮ ಹೆಸರಿನ ಹಿತ್ತಾಳೆ ಬಿಲ್ಲೆಯನ್ನು ಅದರ ಮೊಳೆಗೆ ತೂಗುಹಾಕಬೇಕು, ತಂದಿಟ್ಟಾಗ ಬಿಲ್ಲೆಯನ್ನು ಮರಳಿ ಪಡೆಯಬೇಕು. ನೂರಾರು ಮೊಳೆಗಳ ನಡುವೆ ಒಂದೇ ಒಂದು ಖಾಲಿ. ಅಲ್ಲಿ ರೆಂಚೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ. ಹಲ್ಲು ಬಿದ್ದ ಬಾಯಿಯಂತೆ ಕಂಡ ಆ ಜಾಗವನ್ನು ಚನ್ನಬಸವಯ್ಯ ಪಂಚರ ಮುಂದೆ ಅಳೆದು ಪಂಚನಾಮೆಗೆ ಸೇರಿಸಿದರು.

ಬಿಂದುಶ್ರೀ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಕಣ್ಣುಗಳು ಕೆಂಡದ ಹಾಗಿದ್ದವು.

"ರೆಂಚನ್ನು ವಾಪಸು ಕೊಟ್ಟೆಯಾ?"

"ನೆನಪಿಲ್ಲ ಮೇಡಂ."

"ನಿನ್ನ ಬಿಲ್ಲೆ?"

"ಜೇಬಿನಲ್ಲೇ ಇತ್ತು. ಯಾವಾಗ ತೆಗೆದುಕೊಂಡೆ ಅನ್ನೋದು ನೆನಪಿಲ್ಲ."

"ಸೋಮವಾರ ನಿನ್ನ ಪಾಳಿ ಯಾವುದು?"

"ಭಾನುವಾರ ರಾತ್ರಿದು. ಬೆಳಿಗ್ಗೆ ಬರಬೇಕಾದವರು ರಜೆ ಹಾಕಿದ್ರು. ವಿಮಾನ ಆ ವಾರವೇ ಹೋಗಬೇಕಿತ್ತು. ಹಾಗೇ ಮುಂದುವರಿಸು ಅಂದರು ಮ್ಯಾನೇಜರು. ಶನಿವಾರವೂ ಹಾಗೇ ಆಗಿತ್ತು."

"ಎತ್ತರದಲ್ಲಿ ಕೆಲಸ ಮಾಡುವಾಗ ಸೇಫ್ಟಿ ಬೆಲ್ಟ್ ಹಾಕಿದ್ದೆಯಾ?"

"ಬೆಲ್ಟ್ ಹಾಕಿದ್ದೆ." ಅವಳು ಸೊಂಟ ಮುಟ್ಟಿ ನೋಡಿಕೊಂಡಳು. "ಕೊಂಡಿ ಸಿಕ್ಕಿಸಿದ್ದೆನೋ ಇಲ್ಲವೋ ಗೊತ್ತಿಲ್ಲ. ರೆಂಚು ರೆಕ್ಕೆಯೊಳಗೇ ಇದೆ ಮೇಡಂ. ಎಲ್ಲೋ ಕಣ್ಣಿಗೆ ಕಾಣದ ಮೂಲೆಯಲ್ಲಿದೆ. ಬಿಟ್ಟವಳು ನಾನೇ. ಕೆಂಪು ದೀಪ ಹತ್ತದೆ ಹೋಗಿದ್ದರೆ ಇಷ್ಟು ಹೊತ್ತಿಗೆ ಯಾರನ್ನಾದರೂ ಸಾಯಿಸಿರುತ್ತಿದ್ದೆ. ತಪ್ಪೊಪ್ಪಿಕೊಂಡು ಬರೆದುಕೊಟ್ಟು ಕೆಲಸ ಬಿಡು ಅಂದಿದ್ದಾರೆ. ಬರೆದುಕೊಡ್ತೀನಿ. ಇನ್ನು ಈ ಕೆಲಸಕ್ಕೆ ಕೈ ಹಚ್ಚಲ್ಲ."

"ರಾತ್ರಿ ನಿದ್ದೆ ಮಾಡಿದೆಯಾ?"

"ಕಣ್ಣು ಮುಚ್ಚಿದರೆ ವಿಮಾನ ಬೀಳುತ್ತೆ."

ಯಶೋಧರಾ ತಮ್ಮ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದರು.

ಉಪಕರಣಗಳ ಕೋಣೆಯ ಉಸ್ತುವಾರಿ ಪುಟ್ಟರಾಜುವಿನದು. ಹುಲಿಕೆರೆಯವನು, ಐವತ್ತರ ಆಸುಪಾಸು. ಎಡಗೈಯ ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ. ಮೊದಲು ಬೇರೊಂದು ಊರಿನಲ್ಲಿ ಇವನೂ ವಿಮಾನದ ಮೇಲೆ ಹತ್ತಿ ಕೆಲಸ ಮಾಡಿದವನೇ.

"ರೆಂಚು ತೆಗೆದುಕೊಂಡವರು?"

"ಬಿಂದುಶ್ರೀ."

"ವಾಪಸು ಕೊಟ್ಟಳೇ?"

"ಕೊಟ್ಟಳು. ನಾನೇ ಮೊಳೆಗೆ ಹಾಕಿ ಬಿಲ್ಲೆ ಕೊಟ್ಟೆ."

"ಆಮೇಲೆ?"

"ಆಮೇಲೆ ನೋಡಿದರೆ ಇರಲಿಲ್ಲ."

"ಕೋಣೆಯ ಬೀಗದ ಕೈ?"

"ನನ್ನ ಹತ್ತಿರವೇ. ತಪ್ಪು ನನ್ನದೇ ಅಂತ ಬರೆದುಕೊಳ್ಳಿ ಮೇಡಂ. ಹುಡುಗಿಯದೇನೂ ಇಲ್ಲ."

ಹೊರಗೆ ಬಂದ ಮೇಲೆ ಚನ್ನಬಸವಯ್ಯ ದನಿ ತಗ್ಗಿಸಿದರು. "ಹುಡುಗೀನ ಉಳಿಸೋಕೆ ಸುಳ್ಳು ಹೇಳ್ತಾವ್ನೆ ಮೇಡಂ. ಬೆಂಕಿ ಬಿದ್ದ ಬಣವೆಗೆ ತಾನೇ ಅಡ್ಡ ಮಲಗ್ದಂಗೆ."

ಯಶೋಧರಾ ಅವರಿಗೂ ಹಾಗೇ ಅನ್ನಿಸಿತ್ತು. ಆದರೆ ಕರುಣೆಯಿಂದ ಸುಳ್ಳು ಹೇಳುವವನು ಕೇಳುವವರ ಮುಖ ನೋಡಿ ಹೇಳುತ್ತಾನೆ, ನಂಬಿದರೋ ಇಲ್ಲವೋ ಎಂದು. ಇವನು ಖಾಲಿ ಮೊಳೆಯನ್ನು ನೋಡುತ್ತ ಹೇಳಿದ್ದ.

ಹ್ಯಾಂಗರಿನ ಎದುರಿಗೆ ಜಾನಕಮ್ಮನ ಟೀ ಶೆಡ್ಡು. ಹಾಲು ಉಕ್ಕದಂತೆ ಸೌಟು ಆಡಿಸುತ್ತಲೇ ಆಕೆ ಉತ್ತರ ಕೊಟ್ಟಳು.

"ಸೋಮವಾರ ದೀಪ ಹತ್ತಿದಾಗ ನೀವು ಇಲ್ಲೇ ಇದ್ರಾ?"

"ಇನ್ನೆಲ್ಲಿಗೋಗ್ಲಿ ಕಣವ್ವ? ಒಲೆ ಬಿಟ್ಟು ಹೋದ್ರೆ ಹಾಲು ಕಾಯ್ತದಾ?"

"ಎಷ್ಟು ಗಂಟೆಗೆ?"

"ಹನ್ನೊಂದರ ಟೀ ಬಗ್ಗಿಸ್ತಿದ್ದೆ. ಪುಟ್ಟರಾಜಣ್ಣನೂ ಬಂದ್ರು. ಲೋಟ ಈಸ್ಕೊಂಡು, ಇಲ್ಲೇ ನಿಂತು, ಆ ಕಡೆ ನೋಡುದ್ರು. ತುಟಿಗೇ ಮುಟ್ಟಿಸ್ನಿಲ್ಲ. ಲೋಟ ಮಡಗಿ ಓಡುದ್ರು. ಇನ್ನೂ ಹಬೆ ಆಡ್ತಾ ಐತೆ, ಅಷ್ಟ್ರಲ್ಲಿ ಕೆಂಪು ದೀಪ."

"ಯಾರನ್ನಾದರೂ ಕೂಗಿದರಾ?"

"ಇಲ್ಲ ಕಣವ್ವ. ಅದೇ ಸೋಜಿಗ. ಬರಿಗಾಲಲ್ಲಿ ಓಡ್ದಂಗೆ ಸದ್ದಿಲ್ದೆ ಓಡುದ್ರು. ಟೀ ಚೆಲ್ಲಬೇಕಾಯ್ತು. ಅವತ್ತಿಂದ ಇವತ್ತಿನವರ್ಗೂ ಈ ಕಡೆ ಬಂದೂ ಇಲ್ಲ."

ಯಶೋಧರಾ ಜಾನಕಮ್ಮ ತೋರಿಸಿದ ಜಾಗದಲ್ಲೇ ನಿಂತರು. ಅಲ್ಲಿಂದ ಉಪಕರಣಗಳ ಕೋಣೆ ಕಾಣುತ್ತಿರಲಿಲ್ಲ. ತೆರೆದ ದೊಡ್ಡ ಬಾಗಿಲಿನೊಳಗೆ ಕಾಣುತ್ತಿದ್ದದ್ದು ವಿಮಾನದ ರೆಕ್ಕೆಯೊಂದೇ.

ಕೋಣೆಗೆ ಹಿಂದಿರುಗಿ ಅವರು ಪುಟ್ಟರಾಜುವಿನ ಎದುರು ಕುಳಿತರು.

"ಹಲಗೆಯ ಎಣಿಕೆ ಯಾವಾಗ ಮಾಡುತ್ತೀರಿ?"

"ಪಾಳಿ ಮುಗಿದಾಗ. ಎರಡು ಗಂಟೆಗೆ."

"ದೀಪ ನೀವು ಹಾಕಿದ್ದು ಹನ್ನೊಂದಕ್ಕೆ."

ಅವನ ಕಣ್ಣು ಮತ್ತೆ ಖಾಲಿ ಮೊಳೆಗೆ ಹೋಯಿತು.

"ಎಣಿಸುವ ಮೊದಲೇ ಕಳೆದದ್ದು ಹೇಗೆ ಗೊತ್ತಾಯಿತು?"

"ಕಣ್ಣಿಗೆ ಬಿತ್ತು."

"ಟೀ ಲೋಟ ಹಿಡಿದು ನಿಂತಾಗ ನಿಮ್ಮ ಕಣ್ಣಿಗೆ ಬಿದ್ದದ್ದು ಹಲಗೆಯಲ್ಲ, ಪುಟ್ಟರಾಜು ಅವರೇ. ನಾನೂ ಅಲ್ಲೇ ನಿಂತು ನೋಡಿ ಬಂದಿದ್ದೇನೆ."

"ಬೇಲಿಯೇ ಎದ್ದು ಹೊಲ ಮೇಯ್ತಾ?" ಎಂದು ಚನ್ನಬಸವಯ್ಯ ಬಾಗಿಲಲ್ಲೇ ಗೊಣಗಿದರು.

ಪುಟ್ಟರಾಜು ತುಟಿ ಬಿಚ್ಚಲಿಲ್ಲ. ಗದರಿಸಿದರೆ ಕಲ್ಲಾಗುವ ಜಾತಿಯ ಮೌನ ಅದು. ಯಶೋಧರಾ ಗದರಿಸಲಿಲ್ಲ.

"ಆ ಹುಡುಗಿ ರೆಂಚನ್ನು ತಾನೇ ರೆಕ್ಕೆಯೊಳಗೆ ಬಿಟ್ಟಿದ್ದೇನೆ ಅಂದುಕೊಂಡಿದ್ದಾಳೆ. ಕೆಲಸ ಬಿಡುತ್ತಾಳಂತೆ. ಸೋಮವಾರದಿಂದ ನಿದ್ದೆ ಮಾಡಿಲ್ಲ. ಕಣ್ಣು ಮುಚ್ಚಿದರೆ ವಿಮಾನ ಬೀಳುತ್ತದಂತೆ."

ಅವನು ತಲೆಯೆತ್ತಿದ. "ನಿದ್ದೆ ಮಾಡಿಲ್ಲವಾ?"

"ಇಲ್ಲ."

"ನಾನು ವಾಪಸು ಕೊಟ್ಟಳು ಅಂತ ಹೇಳಿದೆನಲ್ಲ ಮೇಡಂ. ಎಲ್ಲರಿಗೂ ಹೇಳಿದೆ."

"ನೀವು ಕನಿಕರದಿಂದ ಹೇಳುತ್ತಿದ್ದೀರಿ ಅಂದುಕೊಂಡಿದ್ದಾಳೆ. ನಾವೂ ಹಾಗೇ ಅಂದುಕೊಂಡಿದ್ದೆವು."

ಪುಟ್ಟರಾಜು ನಾಲ್ಕು ಬೆರಳಿನ ಕೈಯಿಂದ ಮುಖ ಒರೆಸಿಕೊಂಡ.

"ಮನೆಯಲ್ಲಿದೆ," ಎಂದ. "ರಾಗಿ ಡ್ರಮ್ಮಿನೊಳಗೆ."

ಜೀಪು ಹುಲಿಕೆರೆಯ ಹಳೆಯ ಕೊಳದ ಮಗ್ಗುಲಿಂದ ಹೊರಳಿ ಅವನ ಮನೆಯ ಮುಂದೆ ನಿಂತಿತು. ತಾಯಿ ಚಲುವಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಖಾಕಿ ಕಂಡರೂ ಕೈ ನಿಲ್ಲಿಸಲಿಲ್ಲ.

"ನಂಗೊತ್ತಿತ್ತು ಕಣಪ್ಪ. ರಾಗಿ ಡ್ರಮ್ಮಿಗೆ ಕೈ ಹಾಕ್ಬೇಡ ಕಣವ್ವ, ಹಾವೈತೆ ಅಂದ. ಹಾವಿದ್ರೆ ಹೊಡೀತಿದ್ದೋನು, ಮುಚ್ಚಳ ಹಾಕಿ ಮಡಗ್ತಿದ್ನಾ? ಎರಡು ದಿನದಿಂದ ಹಿಟ್ಟಿಗೆ ಪಕ್ಕದ ಮನೆಯಿಂದ ಈಸ್ಕತಾ ಇವ್ನಿ."

ಪಂಚರ ಮುಂದೆ ಪುಟ್ಟರಾಜು ಮೊಣಕೈವರೆಗೆ ರಾಗಿಯಲ್ಲಿ ಕೈಯಿಳಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ರೆಂಚನ್ನು ತೆಗೆದುಕೊಟ್ಟ. ರಾಗಿಯೊಳಗಿಟ್ಟರೆ ತೇವ ತಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಎಂದ. ಕದ್ದ ಮಾಲಿನ ಬಗ್ಗೆ ಇಷ್ಟು ಕಾಳಜಿಯ ಕಳ್ಳನನ್ನು ಚನ್ನಬಸವಯ್ಯ ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ. ವಶಪಡಿಸಿಕೊಂಡ ಪಂಚನಾಮೆಗೆ ಸಹಿ ಬಿದ್ದ ಮೇಲೆ ಪುಟ್ಟರಾಜು ಜಗುಲಿಯ ಮೇಲೆ ಕುಳಿತು ಹೇಳಿಕೆ ಕೊಟ್ಟ.

"ಟೀ ಹಿಡಿದು ನೋಡಿದರೆ ರೆಕ್ಕೆಯ ತುದಿಯಲ್ಲಿ ಹುಡುಗಿ ತೂಕಡಿಸುತ್ತಿದ್ದಳು. ಬೆಲ್ಟಿನ ಕೊಂಡಿ ಕೆಳಗೆ ನೇತಾಡುತ್ತಿತ್ತು. ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಅದಕ್ಕೇ ಓಡಿ ದೀಪ ಹಾಕಿದೆ. ಪಕ್ಕದಲ್ಲಿದ್ದವರು ಹತ್ತಿ ಕೈ ಹಿಡಿದು ಇಳಿಸಿಕೊಂಡರು."

"ಅಷ್ಟಕ್ಕೆ ಬಿಡಬಹುದಿತ್ತಲ್ಲ."

"ಬಿಟ್ಟಿದ್ದರೆ ಮುಖಕ್ಕೆ ನೀರು ಹಾಕಿ ಮತ್ತೆ ಹತ್ತಿಸುತ್ತಿದ್ದರು ಮೇಡಂ. ಶನಿವಾರ ಮ್ಯಾನೇಜರಿಗೆ ಹೇಳಿದ್ದೆ. ಟೀ ಕುಡಿಸಿ ಅಂದರು. ನಿದ್ದೆ ಬಂದಿದೆ ಅಂದರೆ ನಮ್ಮ ಕೆಲಸ ನಿಲ್ಲುವುದಿಲ್ಲ. ಉಪಕರಣ ಕಳೆದಿದೆ ಅಂದರೆ ನಿಲ್ಲುತ್ತದೆ. ಅವಳು ಆಗಷ್ಟೇ ತಂದಿಟ್ಟಿದ್ದ ರೆಂಚನ್ನು ಊಟದ ಚೀಲಕ್ಕೆ ಹಾಕಿಕೊಂಡೆ. ಮಾರನೆಯ ಬೆಳಿಗ್ಗೆ ಎಲ್ಲೋ ಮೂಲೆಯಲ್ಲಿ ಸಿಕ್ಕಿತು ಅಂತ ಇಡುವ ಯೋಚನೆ. ಬಯ್ಗುಳ ನನಗೆ ಬೀಳುತ್ತದೆ ಅಂದುಕೊಂಡೆ. ಬೆಳಿಗ್ಗೆ ಹೋದರೆ ಗೇಟಿನಲ್ಲೇ ಎಲ್ಲರ ಚೀಲ ಹುಡುಕುತ್ತಿದ್ದರು. ತಂದಿಡಲು ಆಗಲಿಲ್ಲ. ಆಮೇಲೆ ಭಯವಾಯಿತು."

"ನಿಮ್ಮ ಬೆರಳು?"

ಅವನು ಕೈಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡ. "ಉಂಗುರ ತೆಗೆದಿಟ್ಟೇ ಕೆಲಸಕ್ಕೆ ಹತ್ತಬೇಕು, ಅದು ನಮ್ಮ ಮೊದಲ ಪಾಠ. ನನಗೂ ಗೊತ್ತಿತ್ತು. ಅವತ್ತು ಸತತ ಎರಡನೆಯ ಪಾಳಿ. ಮದುವೆಯ ಉಂಗುರ, ಬೆರಳಲ್ಲಿದೆ ಅನ್ನುವುದೇ ಮರೆತಿತ್ತು. ಇಳಿಯುವಾಗ ಕಂಬಿಯ ಅಂಚಿಗೆ ಸಿಕ್ಕಿಕೊಂಡಿತು. ನಾನು ಕೆಳಗೆ ಬಂದೆ, ಬೆರಳು ಮೇಲೇ ಉಳಿಯಿತು." ಕೈ ಮಡಚಿಕೊಂಡು ಅಂದ, "ಅವತ್ತು ಯಾರಾದರೂ ಒಂದು ಸ್ಪ್ಯಾನರು ಬಚ್ಚಿಟ್ಟಿದ್ದರೆ ನನ್ನ ಬೆರಳು ಉಳಿಯುತ್ತಿತ್ತು ಮೇಡಂ."

ಚಲುವಮ್ಮನ ಕೈ ಆಗ ನಿಂತಿತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 306, ನೌಕರನು ಮಾಲೀಕನ ಸ್ವತ್ತನ್ನು ಕದ್ದ ಅಪರಾಧ. ಪುಟ್ಟರಾಜುವನ್ನು ಬಂಧಿಸಿ ಠಾಣೆಗೆ ತಂದರು. ಸತತ ಪಾಳಿಗಳ ವಿಷಯವಾಗಿ ಯಶೋಧರಾ ಕಾರ್ಮಿಕ ಅಧಿಕಾರಿಗೆ ಬೇರೆಯೇ ಒಂದು ವರದಿ ಬರೆದರು. ಮಂಜುನಾಥನ ಹೇಳಿಕೆಯನ್ನೂ ಅದಕ್ಕೆ ಲಗತ್ತಿಸಿದರು. "ನನ್ನ ಮೇಲೂ ಒತ್ತಡವಿತ್ತು ಮೇಡಂ," ಎಂದಷ್ಟೇ ಅವನು ಹೇಳಿದ್ದ.

ಮಾಲು ಗುರುತಿಸಲು ಬಿಂದುಶ್ರೀಯನ್ನು ಕರೆಸಿದರು. ಅವಳು ರೆಂಚನ್ನು ಎರಡೂ ಕೈಯಲ್ಲಿ ಹಿಡಿದು, ಹಿಡಿಯ ಮೇಲಿನ ಗೆರೆಗಳನ್ನು ಬೆಳಕಿಗೆ ಒಡ್ಡಿ ನೋಡಿದಳು.

"ಇದೇ. ಕೆಳಗಿನ ಗೆರೆಗೆ ಸಡಿಲಿಸಿ ಇಟ್ಟಿದ್ದಾರೆ."

"ಅಂದರೆ?"

"ಕೆಲಸ ಮುಗಿದ ಮೇಲೆ ಹಾಗೇ ಇಡಬೇಕು ಮೇಡಂ. ಬಿಗಿಯಲ್ಲೇ ಬಿಟ್ಟರೆ ಒಳಗಿನ ಸ್ಪ್ರಿಂಗು ದಣಿದು ಲೆಕ್ಕ ತಪ್ಪುತ್ತದೆ." ಅವಳು ಲಾಕಪ್ಪಿನ ಕಡೆ ನೋಡಿದಳು. ಪುಟ್ಟರಾಜು ನೆಲ ನೋಡುತ್ತಿದ್ದ. "ಹಾಗಾದರೆ ಅದು ರೆಕ್ಕೆಯೊಳಗೆ ಇರಲೇ ಇಲ್ಲ."

"ಇರಲೇ ಇಲ್ಲ," ಎಂದರು ಯಶೋಧರಾ.

ಸಹಿ ಹಾಕಿಸಿಕೊಳ್ಳಲು ಚನ್ನಬಸವಯ್ಯ ಕಾಗದ ತರುವಷ್ಟರಲ್ಲಿ ಅವಳು ಗೋಡೆಯ ಬೆಂಚಿನ ಮೇಲೆ, ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟಿದ್ದಳು. ಬಾಯಿ ತುಸು ತೆರೆದಿತ್ತು. ಆತ ಕಾಗದವನ್ನು ಮೇಜಿನ ಮೇಲಿಟ್ಟು, ತಿರುಗುತ್ತಿದ್ದ ಫ್ಯಾನನ್ನು ಒಂದು ಹಂತ ತಗ್ಗಿಸಿ, ದೂರವಾಣಿಯ ಮೇಲೆ ತಮ್ಮ ಟವೆಲು ಮುಚ್ಚಿದರು.

ಬೇಲೂರಿನ ನ್ಯಾಯಾಲಯಕ್ಕೆ ಹೊರಡುವ ಹೊತ್ತಾಗಿತ್ತು. ಪುಟ್ಟರಾಜುವನ್ನು ಹೊರಗೆ ತಂದಾಗ ಅವನು ಬೆಂಚಿನ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಕೈಗೆತ್ತಿಕೊಂಡು ಬಾಗಿಲು ದಾಟಿದ.

"ಜೀಪನ್ನು ಇಲ್ಲೇ ಸ್ಟಾರ್ಟ್ ಮಾಡಬೇಡಿ ಸಾರ್," ಎಂದ. "ರಸ್ತೆಗೆ ತಳ್ಳಿಕೊಂಡು ಹೋಗೋಣ."

"ಕಳ್ಳನ ಕೈಲಿ ಜೀಪು ತಳ್ಳಿಸಿದ್ರು ಅಂತ ಊರೆಲ್ಲ ಆಡ್ಕೊಳ್ಳಲಿ ಅಂತಾನಾ?" ಎಂದರು ಚನ್ನಬಸವಯ್ಯ. ಆದರೆ ಅಂದದ್ದು ಪಿಸುದನಿಯಲ್ಲಿ.

ಯಶೋಧರಾ ಸ್ಟೀರಿಂಗ್ ಹಿಡಿದು ಬ್ರೇಕು ಸಡಿಲಿಸಿದರು. ಹಿಂದಿನಿಂದ ಮುದಿ ಹೆಡ್ ಕಾನ್‌ಸ್ಟೆಬಲ್ಲೂ ಬಂಧಿತನೂ ಹೆಗಲು ಕೊಟ್ಟರು. ಜೀಪು ಸದ್ದಿಲ್ಲದೆ ಬೇವಿನ ಮರ ದಾಟಿತು, ಕಾಂಪೌಂಡು ದಾಟಿತು. ಇಷ್ಟು ದೂರ ಸಾಕೇ ಎಂದು ಅವರು ಕನ್ನಡಿಯಲ್ಲಿ ನೋಡಿದರು.

ಪುಟ್ಟರಾಜು ತಿರುಗಿ ಠಾಣೆಯ ಬಾಗಿಲನ್ನು ನೋಡಿ, ಇನ್ನೂ ಸ್ವಲ್ಪ ಮುಂದೆ ಎಂದು ಆ ನಾಲ್ಕು ಬೆರಳಿನ ಕೈಯಲ್ಲೇ ಸನ್ನೆ ಮಾಡಿದ.