ತಟ್ಟೆಯಲ್ಲುಳಿದ ಕೊನೆಯ ತುಂಡು

"ಕೊಟ್ಟ ಕೀಲಿಕೈಯನ್ನ ವಾಪಸ್ ಹ್ಯಾಗೆ ಕೇಳೋದು?"

ಸೋಲ್ವೆಯ್ ಕೇಳಿದ್ದು ಯಾರನ್ನೂ ಅಲ್ಲ. ವಾಡ್‌ಸ್ಟೆನಾದ ಕೋಟೆಯ ಕಂದಕದ ಸೇತುವೆಯ ಮೇಲೆ ಆ ಬೆಳಿಗ್ಗೆ ಅವಳೊಬ್ಬಳೇ ನಿಂತಿದ್ದಳು. ಬೇಸಿಗೆ ಮುಗಿದು ಪ್ರವಾಸಿಗರೆಲ್ಲ ಊರು ಬಿಟ್ಟಿದ್ದರು. ಕೆಳಗೆ, ಕಟ್ಟಿಹಾಕಿದ ದೋಣಿಗಳ ನಡುವೆ ತೇಲುತ್ತಿದ್ದ ಬಾತುಕೋಳಿಯೊಂದು ಕತ್ತು ಓರೆ ಮಾಡಿ ನೋಡಿತು, ಅಷ್ಟೆ.

"ಯಾರ ಹತ್ರ ಮಾತು?"

ಬೆನ್ನ ಹಿಂದಿನ ದನಿಗೆ ಅವಳು ಗಕ್ಕನೆ ತಿರುಗಿದಳು. ಹೆನ್ನಿಂಗ್! ಕೇಳಿಸಿಕೊಂಡುಬಿಟ್ಟನೇ...?

"ಬಾತುಕೋಳಿ ಹತ್ರ."

"ಏನನ್ನುತ್ತೆ?"

"ನೀನು ತಡವಾಗಿ ಬಂದೆ ಅನ್ನುತ್ತೆ."

"ನಾನು ಆಗಲೇ ಬಂದಿದ್ದೆ, ಸೋಲ್ವೆಯ್. ಒಬ್ಬಳೇ ಇರಬೇಕು ಅಂತ ನಿಂತಿದ್ದೀಯೇನೋ ಅನ್ನಿಸ್ತು. ಅದಕ್ಕೇ ಆ ಮರದ ಹತ್ರ ಕಾಯ್ತಾ ಇದ್ದೆ."

ಅವಳು ತುಟಿ ಕಚ್ಚಿಕೊಂಡಳು. ಇದೇ... ಇದೇ ಅವನ ರೋಗ!

ಪ್ರೀತಿ ಒಂದು, ಒಲೆ ಎರಡು. ಅವಳು ಲಿನ್‌ಶೋಪಿಂಗ್‌ನ ಶಾಲೆಯಲ್ಲಿ ಸಂಗೀತದ ಟೀಚರು. ಅವನು ಮೋತಾಲಾದ ಕಾಲುವೆಯಲ್ಲಿ ದೋಣಿಗಳಿಗೆ ನೀರಿನ ಬಾಗಿಲು ತೆರೆಯುವವನು. ಇಬ್ಬರಿಗೂ ಅವರವರ ಊರಿನಲ್ಲಿ ಅವರವರ ಮನೆ. ಒಬ್ಬರ ಮನೆಯ ಕೀಲಿಕೈ ಇನ್ನೊಬ್ಬರ ಗೊಂಚಲಿನಲ್ಲಿ. ಆ ಸೀಮೆಯಲ್ಲಿ ಹಾಗೆ ಬಾಳುವವರು ಬೇಕಾದಷ್ಟು ಮಂದಿ. ಯಾರೂ ಹುಬ್ಬೇರಿಸುವುದಿಲ್ಲ.

ಆದರೆ ಕಳೆದ ಏಪ್ರಿಲ್‌ನಲ್ಲಿ ಅವಳ ಹೊಟ್ಟೆಯ ಗಡ್ಡೆಗೆ ಕತ್ತರಿ ಬೀಳಬೇಕಾಯಿತು. "ನೀನು ಬರೋದೇನೂ ಬೇಡ, ನಿನಗೆ ಕೆಲಸ ಇರುತ್ತೆ" ಎಂದು ಫೋನಿನಲ್ಲಿ ಅಂದಿದ್ದಳು. ಬೇಡ ಎಂದ ಬಾಯಿಯೇ ಒಳಗೊಳಗೆ ಬಾ ಬಾ ಎಂದು ಕೂಗಿತ್ತು. ಅವನು "ಸರಿ, ನಿನ್ನಿಷ್ಟ" ಎಂದಿದ್ದ.

ಬರಲೇ ಇಲ್ಲ.

ಗಡ್ಡೆ ಹೋಯಿತು, ಕಾಯಿಲೆಯೂ ಹೋಯಿತು. ಆ "ಸರಿ" ಮಾತ್ರ ಅವಳೊಳಗೆ ಹಾಗೇ ಉಳಿಯಿತು. ಅದಕ್ಕೇ ಈ ದಿನ. ಮೊದಲು ಭೇಟಿಯಾದ ಊರಿನಲ್ಲಿ ಹಗಲೆಲ್ಲ ಸುತ್ತಾಡಿ, ಜಗಳವಿಲ್ಲದೆ, ಕೀಲಿಕೈ ಈಸಿಕೊಂಡು ಸಂಜೆಯ ಬಸ್ಸು ಹತ್ತುವುದು.

ಅವರು ಕೋಟೆಯೊಳಗೆ ನಡೆದರು. ರಾಜರ ಕೋಣೆಗಳಲ್ಲಿ ಮಾತು ಬೆಳೆಯಲಿಲ್ಲ.

"ಚಳೀನಾ? ನನ್ನ ಕೋಟು ಬೇಕಾ?"

"ಬೇಡ."

"ಸರಿ."

ಮಠದ ಇಗರ್ಜಿಯಲ್ಲಿ ಎತ್ತರದ ಕಿಟಕಿಗಳಿಂದ ಬೂದು ಬೆಳಕು ಕಲ್ಲಿನ ಮೇಲೆ ಇಳಿದಿತ್ತು. ಒಂದೇ ಬೆಂಚಿನ ಎರಡು ತುದಿಗಳಲ್ಲಿ ಅವರು ಕುಳಿತರು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ! ಎಲ್ಲಿಂದಲೋ ಸನ್ಯಾಸಿನಿಯರ ಹಾಡು ತೇಲಿ ಬಂತು. ಒಂದು ಸಾಲು ಹೇಳಿ ನಿಲ್ಲಿಸುವರು. ಎದುರು ಸಾಲಿನವರು ಎತ್ತಿಕೊಳ್ಳುವರು. ಕೇಳುವ ಕಿವಿ ಇದೆಯೆಂಬ ನಂಬಿಕೆಯಿಂದಲೇ ನಿಲ್ಲುವ ಹಾಡು ಅದು.

'ದೇವರೇ, ಬಾಯಿ ಕೊಟ್ಟೆ, ದನಿಯನ್ನೂ ಕೊಟ್ಟೆ. ಬೇಕು ಅನ್ನುವ ಒಂದು ಮಾತನ್ನು ಯಾಕೆ ಕೊಡಲಿಲ್ಲ?' ಎಂದುಕೊಂಡಳು ಸೋಲ್ವೆಯ್.

ಅವನು ಎದ್ದು ಹೋಗಿ ಮೇಣದಬತ್ತಿಗಳಿಗೆಂದೇ ಇಟ್ಟಿದ್ದ ಕಬ್ಬಿಣದ ಗೋಲದ ಮೇಲೆ ಒಂದು ಬತ್ತಿ ಹಚ್ಚಿದ. ಯಾರಿಗಾಗಿ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಇಳಿಹೊತ್ತಿಗೆ ಗುನ್ನೆಲ್‌ಳ ಕಾಫಿ ಅಂಗಡಿ. ಬನ್ನುಗಳ ತಟ್ಟೆಯಲ್ಲಿ ಒಂದು ಉಳಿಯಿತು. ಕೊನೆಯದನ್ನು ಎತ್ತಿಕೊಳ್ಳುವ ನಾಚಿಕೆಗೇಡಿ ಆ ಊರಲ್ಲಿ ಯಾರು? ಸೋಲ್ವೆಯ್ ಅರ್ಧ ಮುರಿದುಕೊಂಡಳು. ಉಳಿದ ಅರ್ಧದಲ್ಲಿ ಹೆನ್ನಿಂಗ್ ಅರ್ಧ. ಅದರಲ್ಲೂ ಅವಳು ಅರ್ಧ. ಕೊನೆಗೆ ಉಗುರಿನಷ್ಟು ತುಂಡು ತಟ್ಟೆಯ ನಡುವೆ ಅನಾಥವಾಗಿ ಬಿದ್ದಿತ್ತು.

ಮುದುಕಿ ಗುನ್ನೆಲ್ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇನ್ನೂ ಕತ್ತರಿಸಿದ್ರೆ ಅದನ್ನ ಇರುವೆನೂ ಮೂಸಲ್ಲ! ಯಾರಾದ್ರೂ ತಿಂದು ಸಾಯ್ರಪ್ಪಾ."

"ಅವಳಿಗಿರಲಿ."

"ಅವನಿಗಿರಲಿ, ಗುನ್ನೆಲ್."

"ಹೂಂ! ಅವಳಿಗಿರಲಿ, ಅವನಿಗಿರಲಿ! ಕಡೆಗೆ ತಿನ್ನೋದು ನನ್ನ ನಾಯಿ. ಯಾಕೆ ಅಷ್ಟು ದಪ್ಪಗಿದೆ ಅಂದ್ಕೊಂಡ್ರಿ?"

ಇಬ್ಬರಿಗೂ ನಗು ಬಂತು. ಎಷ್ಟು ದಿನಗಳ ಮೇಲೆ! ಆ ನಗುವಿನಲ್ಲೇ ಹೆನ್ನಿಂಗ್ ಮೈಮರೆತ.

"ನಿನ್ನ ಬನ್ನು ಎಷ್ಟೋ ವಾಸಿ, ಗುನ್ನೆಲ್. ಆ ಲಿನ್‌ಶೋಪಿಂಗ್ ಆಸ್ಪತ್ರೆ ಕ್ಯಾಂಟೀನಿಂದು ಬರೀ ಮರದ ಹೊಟ್ಟು. ಏಲಕ್ಕಿ ಹೆಸರಿಗೂ ಇಲ್ಲ..."

ಮಾತು ಅಲ್ಲಿಗೇ ತುಂಡಾಯಿತು.

ಸೋಲ್ವೆಯ್ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ನೀನು ಯಾವಾಗ ಹೋಗಿದ್ದೆ ಅಲ್ಲಿಗೆ?"

ಗುನ್ನೆಲ್ ಮೆಲ್ಲಗೆ ಒಳಗೆ ಸರಿದಳು.

"ಹೆನ್ನಿಂಗ್! ಯಾವಾಗ?"

"ಏಪ್ರಿಲ್‌ನಲ್ಲಿ. ನಿನ್ನನ್ನ ಒಳಗೆ ಕರಕೊಂಡು ಹೋದ ದಿನ." ಅವನು ತಟ್ಟೆಯನ್ನೇ ನೋಡುತ್ತಿದ್ದ. "ಕೆಳಗೆ ಕೂತಿದ್ದೆ. ಎಲ್ಲ ಸರಿಹೋಯ್ತು ಅಂತ ನಿನ್ನ ತಂಗಿ ಫೋನು ಮಾಡೋವರೆಗೂ."

"ಮೇಲೆ ಯಾಕೆ ಬರಲಿಲ್ಲ?"

"ನೀನು ಬೇಡ ಅಂದಿದ್ದೆ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲೋ ತಿಳಿಯಲಿಲ್ಲ. ಕೋಟು ಎತ್ತಿಕೊಂಡು ಹೊರಗೆ ನಡೆದೇಬಿಟ್ಟಳು.

ವೆಟ್ಟೆರ್ನ್ ಸರೋವರದ ಮೇಲೆ ಗಾಳಿ ಎದ್ದಿತ್ತು. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಈಗ ಕಲ್ಲುಕಟ್ಟೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಅವನು ಹಿಂದೆ ಬಂದ. ಬಂದವನು ಮತ್ತೆ ಮಾರು ದೂರದಲ್ಲೇ ನಿಂತ!

"ನೋಡು, ಈಗಲೂ ಅಲ್ಲೇ ನಿಂತೆ." ಅವಳು ಅವನತ್ತ ತಿರುಗಿದಳು. "ಅವತ್ತು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಖಾಲಿ ಕುರ್ಚಿ ಇತ್ತು, ಹೆನ್ನಿಂಗ್. ಅದನ್ನ ನೋಡ್ಕೊಂಡೇ ಮಲಗಿದ್ದೆ. ನಾನು ಸತ್ತಿದ್ರೂ ನೀನು ಮರ್ಯಾದೆಯಿಂದ ಕೆಳಗೇ ಕೂತಿರ್ತಿದ್ದೆಯಾ?"

ಅವನ ಮುಖ ಬಿಳಿಚಿತು.

"ನಿನಗೆ ನಿನ್ನ ಮನೆ, ನಿನ್ನ ಮೌನ ಮುಖ್ಯ ಅಂದ್ಕೊಂಡಿದ್ದೆ. ಮೇಲೆ ಬಿದ್ದು ಬಂದ್ರೆ ನಿನ್ನನ್ನ ಕಳಕೊಳ್ತೀನಿ ಅಂತ ಹೆದರಿಕೆ. ಎರಡು ಮನೆ ನನಗೆ ಯಾವತ್ತೂ ಬೇಕಿರಲಿಲ್ಲ."

"ನನಗೂ ಬೇಕಿರಲಿಲ್ಲ!" ಅವಳು ಹೆಚ್ಚುಕಡಿಮೆ ಚೀರಿದಳು. "ನಿನಗೆ ಬೇಕೇನೋ ಅಂತ ಸುಮ್ಮನಿದ್ದೆ."

ಗಾಳಿ ಬೀಸಿತು. ಇಬ್ಬರ ನಡುವೆ ಇಷ್ಟು ವರ್ಷಗಳು ಆ ಉಗುರಿನಷ್ಟು ತುಂಡಿನ ಹಾಗೆ ಬಿದ್ದಿದ್ದವು. ಯಾರೂ ಎತ್ತಿಕೊಳ್ಳದೆ ಒಣಗಿಹೋದವು.

ದೂರದಲ್ಲಿ ಲಿನ್‌ಶೋಪಿಂಗ್‌ನ ಬಸ್ಸು ಬಂದು ನಿಂತಿತು. ತಿಳಿದುಕೊಂಡರೆ ಸಾಕೇ? ನಾಳೆ ಮತ್ತೆ ತಾನು ಬೇಡ ಎನ್ನುವಳು, ಅವನು ಸರಿ ಎನ್ನುವನು... ಆ ಖಾಲಿ ಕುರ್ಚಿಯನ್ನು ಇನ್ನೊಮ್ಮೆ ನೋಡುವ ಶಕ್ತಿ ತನಗಿಲ್ಲ!

ಅವಳು ಕೈ ಚಾಚಿದಳು.

"ನನ್ನ ಮನೆ ಕೀಲಿಕೈ ಕೊಟ್ಟುಬಿಡು, ಹೆನ್ನಿಂಗ್. ನಾನು ಹೊರಡ್ತೀನಿ."

ಅವಳು ಕೇಳಿದ್ದನ್ನು ಅವನು ಯಾವತ್ತೂ ಇಲ್ಲವೆಂದವನಲ್ಲ. ಜೇಬಿನಿಂದ ಗೊಂಚಲು ತೆಗೆದ. ಹಿತ್ತಾಳೆಯ ಆ ಸಣ್ಣ ಕೀಲಿಕೈಯನ್ನು ಬಳೆಯಿಂದ ಬಿಡಿಸತೊಡಗಿದ. ಅರ್ಧ ಬಂತು... ಸೋಲ್ವೆಯ್ ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಅವನು ಮಾರು ದೂರದಲ್ಲಿರಲಿಲ್ಲ. ಎದುರಿಗೇ ಇದ್ದ. ಗೊಂಚಲು ಮರಳಿ ಜೇಬು ಸೇರಿತ್ತು. ಚಾಚಿದ ಅವಳ ಅಂಗೈಯಲ್ಲಿ ಅವನ ಖಾಲಿ ಕೈ ಇತ್ತು.

"ಕೀಲಿಕೈ ಕೊಡು ಅಂದೆ."

"ಕೇಳಿಸ್ತು."

"ಮತ್ತೆ?"

"ಕೊಡಲ್ಲ, ಸೋಲ್ವೆಯ್."