ಎರಡನೆಯ ಪುಟಕ್ಕೆ ಹಾಕಿದ ಸಹಿ

ಏಕಾಂತಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ಯಾರೂ ಹೇಳಲಿಲ್ಲ. ತಪ್ಪು ತಿದ್ದಲೆಂದು ನನ್ನ ಮೇಜಿಗೆ ಬಂದ ಪುಟದಲ್ಲಿ ನಾನೇ ಓದಿದೆ.

ಅದು ಕೊರೊನಾದ ಎರಡನೆಯ ಅಲೆ, ೨೦೨೧ರ ಜೂನ್ ತಿಂಗಳು. ಚಿತ್ರದುರ್ಗದ ಒಂದು ಸಂಜೆ ಪತ್ರಿಕೆಯಲ್ಲಿ ನಾನು ಪ್ರೂಫ್ ನೋಡುವವನು. ಮಧ್ಯಾಹ್ನ ಎರಡಕ್ಕೆ ನನ್ನ ಸಹಿ ಬಿದ್ದು ಪುಟ ಅಚ್ಚಿನ ಯಂತ್ರಕ್ಕೆ ಹೋಗಬೇಕು. ಆ ದಿನಗಳಲ್ಲಿ ಎರಡನೆಯ ಪುಟದ ಅರ್ಧ ಶ್ರದ್ಧಾಂಜಲಿಗಳೇ ಇರುತ್ತಿದ್ದವು. ಕೆಂಪು ಪೆನ್ನು ಹಿಡಿದು ಮೂರನೆಯ ಚೌಕಕ್ಕೆ ಬಂದೆ. ಆಕೆಯ ಮುಖ ಕಂಡಿತು. ಅದೇ ಕನ್ನಡಕ, ಅದೇ ಮೂಗುಬೊಟ್ಟು. ‘ಏಕಾಂತಮ್ಮ, ೫೯ ವರ್ಷ, ನರ್ಸ್, ಐಮಂಗಲ. ದುಃಖದಲ್ಲಿ: ಪ್ರೀತಿ.’ ಪ್ರೀತಿ ಎಂದರೆ ಆಕೆ ಸಾಕಿ ಬೆಳೆಸಿದ ಅಣ್ಣನ ಮಗಳು.

ನಾನು ಆ ನಾಲ್ಕು ಸಾಲನ್ನು ಅಕ್ಷರ ಅಕ್ಷರವಾಗಿ ಎರಡು ಸಲ ಓದಿದೆ. ಮೂವತ್ತು ವರ್ಷದ ಅಭ್ಯಾಸ. ತಪ್ಪಿರಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ, ಹಳೆಯ ಪೇಪರಿನ ರಾಶಿಯ ಪಕ್ಕದಲ್ಲಿ ವಾಂತಿ ಮಾಡಿಕೊಂಡೆ. ಸಾವಿನ ದುಃಖಕ್ಕಿಂತ ಮೊದಲು ಬಂದದ್ದು ಹೇಸಿಗೆ. ಆ ಪತ್ರಿಕೆಯ ಮೇಲೆ, ಆ ಪೆನ್ನಿನ ಮೇಲೆ, ನನ್ನ ಮೇಲೆ.

ಆಕೆಯನ್ನು ಮೊದಲು ಕಂಡದ್ದೂ ಅದೇ ಮೇಜಿನ ಮುಂದೆ. ಆರು ವರ್ಷದ ಹಿಂದೆ ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಬಂದಿದ್ದಳು. ಪೋಲಿಯೊ ಹನಿ ಹಾಕುವ ದಿನವನ್ನು ನಾವು ಭಾನುವಾರದ ಬದಲು ಸೋಮವಾರ ಎಂದು ಅಚ್ಚು ಮಾಡಿದ್ದೆವು. ಭಾನುವಾರ ಆಕೆ ಕಾದು ಕುಳಿತಿದ್ದಳು, ತಾಯಂದಿರು ಸೋಮವಾರ ಬಂದಿದ್ದರು. ಮಾಲೀಕ ಪರಮೇಶ್ ಫೋನ್ ಬಂದವನಂತೆ ಹೊರಗೆ ಜಾರಿಕೊಂಡ.

“ಇದಕ್ಕೆ ಸಹಿ ಹಾಕಿದ ಮಹಾನುಭಾವರು ಯಾರ್ರಿ?”

ನಾನು ಎದ್ದು ನಿಂತೆ. ವರದಿಗಾರನ ತಪ್ಪು, ನಾನು ಅಕ್ಷರ ಮಾತ್ರ ನೋಡುವವನು ಎಂದೆ. ಆಕೆ ಕನ್ನಡಕದ ಮೇಲಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಂದ್ರೆ ಸುಳ್ಳು ಬರದ್ರೂ ಒತ್ತು ದೀರ್ಘ ಸರಿ ಇದ್ರೆ ಬಿಟ್‌ಬಿಡ್ತೀರಾ?”

ನನಗೆ ನಗು ಬಂತು. ಆಕೆ ತುಟಿ ಬಿಗಿಹಿಡಿದಳು, ಆದರೆ ಮೂಗುಬೊಟ್ಟು ಸಣ್ಣಗೆ ಅಲುಗಿತು. ಐವತ್ತೇಳು ವರ್ಷದ ವಿಧುರನ ಎದೆಯಲ್ಲಿ ಏನೋ ಅಲುಗಿದ್ದೂ ಆಗಲೇ.

ಮರುದಿನ ತಿದ್ದುಪಡಿ ಹಾಕಿಸಿ, ಆ ಪ್ರತಿಯನ್ನು ಬಸ್ಸಿನಲ್ಲಿ ನಾನೇ ಐಮಂಗಲಕ್ಕೆ ಒಯ್ದೆ. ಓದಿ ನೋಡಿದಳು. “ತಪ್ಪು ದಪ್ಪ ಅಕ್ಷರದಾಗಿತ್ತು. ತಿದ್ದಿದ್ದು ಇರುವೆ ಸಾಲಿನಂಗೈತೆ,” ಎಂದಳು. ಆದರೂ ಚಹಾ ಕೊಟ್ಟಳು.

ಅಲ್ಲಿಂದ ಪ್ರತಿ ಶನಿವಾರ ನಾನು ಐಮಂಗಲದ ಬಸ್ಸು ಹತ್ತುತ್ತಿದ್ದೆ. ಆರೋಗ್ಯ ಕೇಂದ್ರದ ಮುಂದಿನ ಕಲ್ಲುಬೆಂಚು, ಎದುರಿಗೆ ಹೆದ್ದಾರಿ, ಮಾತಿನ ನಡುವೆ ಲಾರಿಗಳು. ಲಾರಿ ಹೋಗುವಾಗ ಆಕೆ ಮಾತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ಲಾರಿಗಳು ಹೆಚ್ಚಾಗಲಿ ಎಂದು ನಾನು ಮನಸ್ಸಿನಲ್ಲೇ ಹಿರಿಯೂರಿನ ತೇರು ಮಲ್ಲೇಶ್ವರನನ್ನು ಬೇಡಿದ್ದುಂಟು. ಆಕೆಯ ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

೨೦೨೧ರ ಯುಗಾದಿಗೆ ಮುಂಚೆ ಧೈರ್ಯ ಮಾಡಿ ಒಂದು ಚೀಟಿ ಕೊಟ್ಟೆ. ‘ಹನುಮಂತಯ್ಯ ಮತ್ತು ಏಕಾಂತಮ್ಮ ಇವರ ವಿವಾಹವು ಹಿರಿಯೂರಿನ ನೋಂದಣಿ ಕಚೇರಿಯಲ್ಲಿ ನಡೆಯುವುದು.’ ದಿನಾಂಕದ ಜಾಗ ಖಾಲಿ ಬಿಟ್ಟಿದ್ದೆ. ಆಕೆ ಬಹಳ ಹೊತ್ತು ಓದಿದಳು. ನನ್ನ ಜೇಬಿನ ಕೆಂಪು ಪೆನ್ನನ್ನು ತಾನೇ ತೆಗೆದುಕೊಂಡು ಬರೆದಳು: ಆಗಸ್ಟ್ ೨, ಸೋಮವಾರ. ಜುಲೈ ಕೊನೆಗೆ ಆಕೆಗೆ ನಿವೃತ್ತಿ.

“ಈ ಸಲನಾದ್ರೂ ದಿನ ತಪ್ಪಿಸ್ಬ್ಯಾಡ್ರಿ,” ಎಂದು ಚೀಟಿಯನ್ನು ತಾನೇ ಇಟ್ಟುಕೊಂಡಳು.

ಆಮೇಲೆ ಆ ಕೆಟ್ಟ ಏಪ್ರಿಲ್ ಬಂತು. ಕೇಂದ್ರದಲ್ಲಿ ಕೈಗವಸು ಇಲ್ಲ, ಆಕ್ಸಿಜನ್ ಎರಡು ದಿನದಿಂದ ಬಂದಿಲ್ಲ ಎಂದು ಆಕೆ ನಮ್ಮ ವರದಿಗಾರನಿಗೆ ಹೆಸರು ಕೊಟ್ಟೇ ಹೇಳಿದಳು. ಪರಮೇಶ್ ಅದನ್ನು ಕಿತ್ತು ಹಾಕಿದ. ದೇಶಕ್ಕೆ ಕಷ್ಟ ಬಂದಾಗ ಬಾಯಿ ಬಿಗಿಹಿಡಿಯಬೇಕು, ಜನ ಗಾಬರಿಯಾಗುತ್ತಾರೆ ಎಂದ. ಮಾತು ಹೇಗೋ ಮೇಲಿನವರಿಗೆ ಮುಟ್ಟಿ ಆಕೆಗೆ ನೋಟಿಸು ಮಾತ್ರ ಬಂತು.

ಎರಡು ವಾರ ಕಳೆದು ಊರಿನ ದೊಡ್ಡವರೊಬ್ಬರ ಗೃಹಪ್ರವೇಶವಾಯಿತು. ಬೇಡವೆಂದು ಹೇಳಲು ಹೋದ ಏಕಾಂತಮ್ಮನನ್ನು ಗೇಟಿನಿಂದಲೇ ಕಳಿಸಿದರು. ಮುನ್ನೂರು ಜನ ಉಂಡರು. ವಾರದಲ್ಲಿ ಹನ್ನೊಂದು ಜನ ಸೋಂಕು ತಗಲಿ ಹಾಸಿಗೆ ಹಿಡಿದರು. ಅದರ ಮರುದಿನ ನನ್ನ ಮೇಜಿಗೆ ಬಂದ ಎರಡನೆಯ ಪುಟದಲ್ಲಿ ದಪ್ಪ ತಲೆಬರಹ: ‘ಐಮಂಗಲ: ನರ್ಸ್‌ನಿಂದಲೇ ಹರಡಿತೇ ಸೋಂಕು?’

ಹೆಸರಿರಲಿಲ್ಲ. ಆದರೆ ಐಮಂಗಲದಲ್ಲಿ ಇದ್ದದ್ದು ಒಬ್ಬಳೇ ನರ್ಸ್. ನಾನು ಪರಮೇಶನ ಮುಂದೆ ನಿಂತೆ. ಆತ ತಲೆಯೆತ್ತಲಿಲ್ಲ.

“ಪ್ರಶ್ನೆ ಕೇಳೀವಿ ಅಷ್ಟೆ, ಹನುಮಂತಯ್ಯ. ಪತ್ರಿಕಾ ಸ್ವಾತಂತ್ರ್ಯ ಐತಲ್ಲ?”

ದೊಡ್ಡವರ ಮುಂದೆ ಬಾಲ ಮಡಚುವ ಸ್ವಾತಂತ್ರ್ಯ ಒಬ್ಬ ಬಡ ನರ್ಸಿನ ಮುಂದೆ ಹಲ್ಲು ತೋರಿಸಿತ್ತು. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ನಾನು ಸಹಿ ಹಾಕಿದೆ. ಆ ಸುದ್ದಿಯಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ಅದನ್ನು ತಿದ್ದಿಯೇ ಸಹಿ ಹಾಕಿದೆ. ಈಗಲೂ ಅನ್ನ ಕಲಸುವಾಗ ಆ ಬೆರಳುಗಳನ್ನು ಕಂಡು, ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆಯುತ್ತೇನೆ.

ಸಂಜೆ ಬೆಂಗಳೂರಿನ ಒಂದು ಚಾನಲ್ ಅದನ್ನೇ ಎತ್ತಿಕೊಂಡಿತು. ಆಕೆಯ ಫೋಟೊ, ಮುಖದ ಸುತ್ತ ಕೆಂಪು ವೃತ್ತ, ಹಿಂದೆ ಯುದ್ಧಕ್ಕೆ ಹೊರಟಂತೆ ಸಂಗೀತ. ಆಕೆಗೆ ಸೋಂಕಿಲ್ಲವೆಂಬ ವರದಿ ಕೈಯಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ.

ಆ ಶನಿವಾರ ಬಸ್ಸಿರಲಿಲ್ಲ. ಪತ್ರಿಕೆಯ ಪಾಸು ತೋರಿಸಿ ಹಾಲಿನ ವ್ಯಾನಿನಲ್ಲಿ ಹೋದೆ. ಆಕೆ ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ.

“ಆ ಪುಟ ನೀವೇ ನೋಡಿದ್ರಾ?”

“ನೋಡ್ದೆ.”

“ಸಹಿ?”

“ಹಾಕ್ದೆ.”

ಲಾರಿಯೊಂದು ಹೋಯಿತು. ಆಕೆ ನನ್ನ ಕಡೆ ನೋಡದೆಯೇ ಹೇಳಿದಳು. ಕುರಿಹಟ್ಟಿಯ ಬರಗೇರಮ್ಮ ಎಂಬ ಮುದುಕಿಗೆ ಮೂರು ದಿನದಿಂದ ಜ್ವರವಿತ್ತಂತೆ. ಏಕಾಂತಮ್ಮ ಮಾತ್ರೆ ಹಿಡಿದು ಹೋದರೆ, ಟಿವಿಯಲ್ಲಿ ಬಂದವಳು ನೀನು, ದೂರ ಹೋಗು ಎಂದು ಮುದುಕಿ ಒಳಗಿನಿಂದಲೇ ಕೂಗಿದಳಂತೆ. ನಿನ್ನೆ ಅವಳನ್ನು ಮಣ್ಣು ಮಾಡಿದರಂತೆ.

“ನನ್ನ ಮರ್ಯಾದೆ ಹೋಗ್ಲಿ ಬಿಡ್ರಿ. ಆಯಮ್ಮ ಬಾಗ್ಲು ತೆಗೀಲಿಲ್ಲ ನೋಡ್ರಿ, ಅದಕ್ಕೇನು ಮಾಡ್ತೀರಿ?” ಎದ್ದು ಬಾಗಿಲ ತನಕ ಹೋಗಿ ತಿರುಗಿದಳು. “ದಪ್ಪ ಅಕ್ಷರದಾಗೆ ತಿದ್ರಿ. ಆಮ್ಯಾಲೆ ಬರ್ರಿ. ಕಾಯ್ತೀನಿ.”

ಕಾಯ್ತೀನಿ ಎಂದಳಲ್ಲ, ಅದೊಂದನ್ನೇ ಹಿಡಿದುಕೊಂಡು ನಾಲ್ಕು ವಾರ ಪರಮೇಶನನ್ನು ಬೇಡಿದೆ. ನಾಳೆ, ನಾಡಿದ್ದು ಎಂದ. ಆಕೆಗೆ ಜ್ವರ ಎಂದು ತಿಳಿದಾಗಲೂ ನಾನು ಹೋಗಲಿಲ್ಲ, ತಿದ್ದದೆ ಯಾವ ಮುಖ ಹೊತ್ತು ಹೋಗಲಿ ಎಂದು. ಅದು ನನ್ನ ಎರಡನೆಯ ತಪ್ಪು. ಸಹಿಗಿಂತ ದೊಡ್ಡದು.

ಆ ಶ್ರದ್ಧಾಂಜಲಿ ಓದಿದ ದಿನ, ಹಿತ್ತಲಲ್ಲಿ ಬಾಯಿ ತೊಳೆದು ಒಳಗೆ ಬಂದೆ. ಎರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನನ್ನ ಸಹಿ ಬಿದ್ದ ಪುಟವನ್ನು ನಮ್ಮಲ್ಲಿ ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಪುಟ ಕಟ್ಟುವ ಯಶೋದಾ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಶ್ರದ್ಧಾಂಜಲಿಯ ಕೆಳಗಿನ ಜಾಹೀರಾತು ತೆಗೆಯಮ್ಮ ಎಂದೆ. ನನ್ನ ಮುಖ ನೋಡಿ ತೆಗೆದಳು. ಆ ಸುಳ್ಳು ತಲೆಬರಹದಷ್ಟೇ ದಪ್ಪ ಅಕ್ಷರದಲ್ಲಿ ಹೇಳಿ ಬರೆಸಿದೆ:

‘ಐಮಂಗಲದ ನರ್ಸ್ ಏಕಾಂತಮ್ಮನಿಂದ ಸೋಂಕು ಹರಡಲಿಲ್ಲ. ನಾವು ಅಚ್ಚು ಮಾಡಿದ್ದು ಸುಳ್ಳು. ಸುಳ್ಳೆಂದು ತಿಳಿದೂ ಆ ಪುಟಕ್ಕೆ ಸಹಿ ಹಾಕಿದವನು ನಾನು. ಹನುಮಂತಯ್ಯ, ಪ್ರೂಫ್ ರೀಡರ್.’

ಯಶೋದಾ ಮೂಗು ಒರೆಸಿಕೊಳ್ಳುತ್ತ, “ಕೆಲಸ ಹೋಗ್ತೈತೆ ಸಾರ್,” ಎಂದಳು. ನಿನ್ನ ತಲೆಗೆ ಬರುವುದಿಲ್ಲ, ಸಹಿ ನನ್ನದು ಎಂದೆ.

ಐದಕ್ಕೆ ಪರಮೇಶ್ ಕೂಗಾಡಿದ. ಕೇಸು ಹಾಕುತ್ತೇನೆ, ಯಾರನ್ನು ಕೇಳಿ ಬರೆದೆ ಎಂದ.

“ಬರೆದೋನ ಹೆಸರು ಹಾಕೀನಿ ನೋಡಪ್ಪ,” ಎಂದೆ. “ನಿನ್ನ ಸುದ್ದಿಗೆ ಅದೂ ಇರಲಿಲ್ಲ.” ಕೆಂಪು ಪೆನ್ನನ್ನು ಅವನ ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಮರುದಿನ ಪ್ರತಿ ಹಿಡಿದು ಐಮಂಗಲಕ್ಕೆ ಹೋದೆ. ಪ್ರೀತಿ ಬಾಗಿಲಲ್ಲೇ ನಿಂತು ಓದಿದಳು. ನನ್ನನ್ನು ಬೈಯಲಿಲ್ಲ, ಒಳಗೆ ಕರೆಯಲೂ ಇಲ್ಲ. ಒಳಗಿನಿಂದ ಮಡಚಿದ ಚೀಟಿಯೊಂದನ್ನು ತಂದು ಕೊಟ್ಟಳು. ಆಸ್ಪತ್ರೆಗೆ ಹೋಗುವಾಗ ಅತ್ತೆ ಅದನ್ನು ಕೈಯಲ್ಲೇ ಹಿಡಿದಿದ್ದಳಂತೆ. ಆಂಬುಲೆನ್ಸ್ ಹತ್ತುವ ಮೊದಲು ಇವಳಿಗೆ ಕೊಟ್ಟು, ಅವರು ತಿದ್ದಿಕೊಂಡು ಬಂದರೆ ಕೊಡು ಎಂದಿದ್ದಳಂತೆ. ಆಗಸ್ಟ್ ೨ ಎಂಬ ಕೆಂಪು ಅಕ್ಷರ ಬೆವರಿಗೆ ಹರಡಿತ್ತು. ಓದಲು ಬರುತ್ತಿತ್ತು.

ಆಗಸ್ಟ್ ಎರಡರ ಬೆಳಿಗ್ಗೆ ಸ್ನಾನ ಮಾಡಿ ಹಿರಿಯೂರಿಗೆ ಹೋದೆ. ನೋಂದಣಿ ಕಚೇರಿಯ ಮುಂದೆ ಒಂದು ಗಳಿಗೆ ನಿಂತೆ. ದಿನ ತಪ್ಪಿಸಲಿಲ್ಲ. ಅಲ್ಲಿಂದ ತೇರು ಮಲ್ಲೇಶ್ವರನ ಗುಡಿಗೆ ಹೋಗಿ, ಚೀಟಿಯನ್ನು ಮುಂದಿಟ್ಟು ಒಂದು ದೀಪ ಹಚ್ಚಿದೆ.

ತಂದೆ ಮಲ್ಲೇಶ್ವರ, ಅವಳು ನಿಜ ಹೇಳಿ ನೊಂದವಳು. ಅವಳನ್ನು ನಿನ್ನ ಪಾದದಲ್ಲಿ ನೆಮ್ಮದಿಯಾಗಿ ಇರಿಸಿಕೊ. ಬಾಗಿಲು ತೆಗೆಯದೆ ಹೋದ ಬರಗೇರಮ್ಮನನ್ನೂ ಅವಳ ಪಕ್ಕದಲ್ಲೇ ಕೂರಿಸು, ಅಲ್ಲಾದರೂ ಏಕಾಂತಮ್ಮನ ಕೈಯ ಮಾತ್ರೆಯನ್ನು ಆಯಮ್ಮ ನಂಬಿ ನುಂಗಲಿ. ನನಗೆ ಏನೂ ಬೇಡ. ಅವರಿಬ್ಬರಿಗೂ ಶಾಂತಿ ಕೊಡು.